‘ಠೀಕ್ ಹೂಂ ಸಾಬ್’ ಎಂದ ಒಂದು ಮಾತಿಗೆ

2018ರ ಜುಲೈ 31ಕ್ಕೆ ನಮ್ಮ ಮನೆಯವರ ಹದಿನೇಳು ವರ್ಷದ ಸೇವೆ ಮುಗಿಯಿತು. ಎರಡು ದಿನ ಬಿಟ್ಟು ಗದಗ ರೈಲು ನಿಲ್ದಾಣದಲ್ಲಿ ಇಳಿದರು. ಕರೆತರಲು ನಾನು, ಮಕ್ಕಳಿಬ್ಬರು, ನಮ್ಮ ಭಾವನವರು ಹೋಗಿದ್ದೆವು. ಓಣಿಯ ಹುಡುಗರು ಚೆಂಡುಹೂವಿನ ಹಾರ ತಂದಿದ್ದರು. ಮೊದಲೆಲ್ಲ ರಜೆಗೆ ಬಂದಾಗ ಆ ಕಪ್ಪು ತಗಡಿನ ಟ್ರಂಕನ್ನು ಒಬ್ಬರೇ ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರು, ಯಾರಾದರೂ ಕೈ ಹಚ್ಚಲು ಬಂದರೆ ಬಿಡುತ್ತಿರಲಿಲ್ಲ. ಈ ಸಲ ಬೋಗಿಯ ಬಾಗಿಲಲ್ಲೇ ನಿಂತು ಭಾವನವರ ಕಡೆ ನೋಡಿ, “ಅಣ್ಣಾ, ಸ್ವಲ್ಪ ಹಿಡಿ” ಎಂದರು. ಹಾರ ಹಾಕಿಸಿಕೊಳ್ಳುವಾಗ ತಲೆ ಬಾಗಿಸಲಿಲ್ಲ. ಹುಡುಗರೇ ತುದಿಗಾಲಲ್ಲಿ ನಿಂತು ಹಾಕಿದರು. ಮಿಲಿಟರಿಯವರ ಠೀವಿ ಎಂದು ಅವರು ತಿಳಿದುಕೊಂಡರು. ಅದು ಠೀವಿಯಲ್ಲ ಎಂದು ನನಗೆ ಅವತ್ತು ರಾತ್ರಿ ಗೊತ್ತಾಯಿತು, ಮಂಚ ಬಿಟ್ಟು ನೆಲದ ಮೇಲೆ ಚಾಪೆ ಹಾಸಿ ಮಲಗಿದಾಗ.

ಅವರಿಗೆ ಆಗ ಮೂವತ್ತೇಳು ವರ್ಷ. ಸಿಪಾಯಿಗಳು ನಿವೃತ್ತರಾಗುವುದು ಆ ವಯಸ್ಸಿನಲ್ಲೇ, ಸಂಸಾರದ ಖರ್ಚು ಏರುವುದೂ ಆ ವಯಸ್ಸಿನಲ್ಲೇ. ಹಾಗಾಗಿ ಪ್ರತಿಯೊಬ್ಬ ಮಾಜಿ ಸೈನಿಕನೂ ಎರಡನೆಯ ನೌಕರಿಯ ಲೆಕ್ಕ ಹಾಕಿಕೊಂಡೇ ಊರಿಗೆ ಬರುತ್ತಾನೆ. ಇವರು ಸೈನ್ಯದಲ್ಲಿ ಚಾಲಕರಾಗಿದ್ದವರು, ಭಾರಿ ಟ್ರಕ್ಕು ಓಡಿಸಿದ ಕೈ. ವಾಯವ್ಯ ಸಾರಿಗೆಯಲ್ಲಿ ಚಾಲಕನಾಗುತ್ತೇನೆ, ಹುಬ್ಬಳ್ಳಿ ಡಿಪೋ ಸಿಕ್ಕರೆ ಮಕ್ಕಳನ್ನು ಅಲ್ಲೇ ಓದಿಸೋಣ ಎಂದು ಪತ್ರಗಳಲ್ಲಿ ಬರೆಯುತ್ತಿದ್ದರು. ಬಂದ ಮೇಲೆ ಆ ಮಾತನ್ನೇ ಎತ್ತಲಿಲ್ಲ. ಮೂರನೆಯ ತಿಂಗಳು ಹುಬ್ಬಳ್ಳಿಯ ಒಂದು ಕಡೆ ಕಾವಲುಗಾರನ ಕೆಲಸಕ್ಕೆ ಸೇರಿದರು. ಹನ್ನೆರಡು ತಾಸು ನಿಲ್ಲುವ ಕೆಲಸ. ಇಪ್ಪತ್ತಮೂರನೆಯ ದಿನ ಎಡಗಾಲು ಜೋಮು ಹಿಡಿದು ಗೇಟಿನ ಬಳಿಯೇ ಕುಸಿದರು. ಯಾರೋ ಪುಣ್ಯಾತ್ಮರು ಆಟೋದಲ್ಲಿ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ತಂದು, ಗದಗ ಬಸ್ಸು ಹತ್ತಿಸಿ, ನನಗೆ ಫೋನು ಮಾಡಿದರು. ಆ ಮೇಲೆ ನಾಲ್ಕು ಎಕರೆ ಎರೆ ಹೊಲದ ಕಡೆ ತಿರುಗಿದರು. ಹೆಸರಿನ ಪೈರಿಗೆ ಎಡೆ ಹೊಡೆಯಲು ಹೋದವರು ಎರಡು ಸಾಲು ಮುಗಿಸಿ ಬದುವಿನ ಮೇಲೆ ಮಲಗಿಬಿಟ್ಟರು. ಎತ್ತುಗಳು ನೊಗ ಹೊತ್ತುಕೊಂಡು ಹಾಗೇ ನಿಂತಿದ್ದವು.

ನಾನು ಇದನ್ನೆಲ್ಲ ಬರೆಯುವಾಗ ಒಂದು ವಿಷಯವನ್ನು ಹೇಳಲೇಬೇಕು, ಏಕೆಂದರೆ ಮುಂದೆ ಎಲ್ಲವೂ ಅದರ ಮೇಲೆಯೇ ನಿಂತಿತು. ನಮ್ಮ ಮನೆಯವರ ಕಾಲಿನ ಉಗುರನ್ನು ನಾನು ಕತ್ತರಿಸುತ್ತಿದ್ದೆ. ಬಗ್ಗಿದರೆ ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಎಳೆದಂತಾಗುತ್ತಿತ್ತು, ಕೈ ಮೊಣಕಾಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಭಾನುವಾರ ಮಕ್ಕಳು ಆಟಕ್ಕೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಸ್ಟೂಲಿನ ಮೇಲೆ ಕುಳಿತು ಕಾಲು ನೀಡುತ್ತಿದ್ದರು. ನಾನು ಉಗುರು ತೆಗೆಯುವಷ್ಟು ಹೊತ್ತೂ ಗೋಡೆಯ ಮೇಲಿನ ಕ್ಯಾಲೆಂಡರನ್ನೇ ನೋಡುತ್ತಿದ್ದರು. ಒಂದು ಮಾತೂ ಇಲ್ಲ. ಮುಗಿದ ಮೇಲೆ ತಾವೇ ಬಾಗಿಲು ತೆರೆಯುತ್ತಿದ್ದರು.

2019ರ ಆಗಸ್ಟ್ ಮಳೆಯನ್ನು ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ಮಲಪ್ರಭೆ ಉಕ್ಕಿ ನರಗುಂದ, ರೋಣದ ಕಡೆ ಊರೂರೇ ನೀರಿನಲ್ಲಿ ನಿಂತಿದ್ದವು. ನಾವಿರುವುದು ಬೆಟಗೇರಿಯಲ್ಲಿ, ಹೊಳೆ ದೂರ. ಆದರೆ ಹಳೆಯ ಮಾಳಿಗೆ ಮನೆ, ಮೂರು ದಿನ ಬಿಡದೆ ಸೋರಿತು. ಟ್ರಂಕು ನೆನೆದಿತ್ತೆಂದು ಎಲ್ಲವನ್ನೂ ಹೊರಗೆ ತೆಗೆದು ಹರಡಿದೆ. ತಳದಲ್ಲಿ, ಸಮವಸ್ತ್ರದ ಕೆಳಗೆ, ಒಂದು ಲಕೋಟೆ ಸಿಕ್ಕಿತು. ಹಿಂದಿನ ವರ್ಷದ ನವೆಂಬರಿನ ಪತ್ರ. ನಾನು ಪಿಯುಸಿವರೆಗೆ ಓದಿದವಳು. ಹತ್ತನೆಯ ತರಗತಿಯ ಮಗಳು ಶಬ್ದಕೋಶ ಹಿಡಿದುಕೊಂಡು ಪಕ್ಕದಲ್ಲಿ ಕುಳಿತಳು. ಇಬ್ಬರೂ ಸೇರಿ ಓದಿದಾಗ ಅರ್ಥವಾದದ್ದು ಇಷ್ಟು: ಇವರ ಬೆನ್ನುಮೂಳೆಯ ತೊಂದರೆ ಸೈನಿಕ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಅದರ ಪ್ರಮಾಣ ಶೇಕಡಾ 15ರಿಂದ 19. ಆದ್ದರಿಂದ ಅಂಗವೈಕಲ್ಯ ಪಿಂಚಣಿಯ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಇದಕ್ಕೆ ಒಪ್ಪದಿದ್ದರೆ ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಆರು ತಿಂಗಳು ಮುಗಿದು ಮೂರು ತಿಂಗಳಾಗಿತ್ತು.

ರಾತ್ರಿ ಪತ್ರವನ್ನು ಅವರ ಮುಂದಿಟ್ಟೆ. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ. “ಬೆಟದೂರಿನ ಹನುಮಂತಪ್ಪ ಕೊಪ್ಪದ ನೆನಪಿದ್ದಾನಲ್ಲ? ಆರು ದಿನ ಹಿಮದ ಕೆಳಗಿದ್ದ. ನಾನು ಬೆನ್ನು ನೋಯುತ್ತದೆ ಎಂದು ಸರ್ಕಾರಕ್ಕೆ ಅರ್ಜಿ ಹಾಕಲೇನು?”

ಲ್ಯಾನ್ಸ್ ನಾಯಕ್ ಹನುಮಂತಪ್ಪ ನಮ್ಮ ಪಕ್ಕದ ಕುಂದಗೋಳ ತಾಲ್ಲೂಕಿನವರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಅವರೊಬ್ಬರು ಜೀವಂತ ಸಿಕ್ಕಿದರು, ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ 11ರಂದು ತೀರಿಕೊಂಡರು. ಆ ಮೂರು ದಿನ ನಮ್ಮ ಭಾಗದಲ್ಲಿ ದೇವರಿಗೆ ಹರಕೆ ಹೊರದ ಮನೆ ಇರಲಿಲ್ಲ. ಅವರ ಹೆಸರು ಬಂದರೆ ನಾನೂ ಕೈ ಮುಗಿಯುವವಳೇ. ಆದರೂ ಅವತ್ತು ನನಗೆ ಸಿಟ್ಟು ಬಂತು. “ತೀರಿಹೋದವರ ಹೆಸರು ಹೇಳಿ ಬದುಕಿದವರ ಬಾಯಿ ಕಟ್ಟಬೇಡಿ. ಹನುಮಂತಪ್ಪನವರು ಉಳಿದು ಬಂದಿದ್ದರೆ, ಬೆನ್ನು ನೋಯುತ್ತದೆ ಎಂದಿದ್ದರೆ, ನೀವು ಸುಮ್ಮನಿರು ಎನ್ನುತ್ತಿದ್ದಿರಾ?” ಎಂದು ಕೇಳಿದೆ. ಉತ್ತರ ಬರಲಿಲ್ಲ. ಬೆಳಿಗ್ಗೆ ಚಹಾ ಕುಡಿಯುತ್ತಾ, “ಸುಬೇದಾರ ಸಾಹೇಬರನ್ನು ಒಮ್ಮೆ ಕಂಡು ಬರೋಣ” ಎಂದರು.

ನಮ್ಮ ಓಣಿಯಿಂದ ಮೂರು ಓಣಿ ಆಚೆ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಎಪ್ಪತ್ತು ದಾಟಿದವರು. ಮಾಜಿ ಸೈನಿಕರ ಕಾಗದಪತ್ರ ನೋಡಿಕೊಡುವುದನ್ನು ಒಂದು ವ್ರತದಂತೆ ನಡೆಸಿಕೊಂಡು ಬಂದಿದ್ದಾರೆ, ಯಾರಿಂದಲೂ ಒಂದು ರೂಪಾಯಿ ಮುಟ್ಟಿದವರಲ್ಲ. ಪತ್ರ ಓದಿ ಕನ್ನಡಕ ತೆಗೆದು, “ಇದಕ್ಕೆ ‘ನಾನಾ’ ಎನ್ನುತ್ತಾರೆ ತಂಗಿ. ಸೇವೆಗೂ ರೋಗಕ್ಕೂ ಸಂಬಂಧವಿಲ್ಲ ಎಂಬುದರ ಚಿಕ್ಕ ಹೆಸರು. ನೂರಾರು ಜನರಿಗೆ ಬರುತ್ತದೆ, ಬಹಳ ಜನ ಇದೇ ಕೊನೆ ಎಂದುಕೊಂಡು ಸುಮ್ಮನಾಗುತ್ತಾರೆ” ಎಂದರು. ಆಮೇಲೆ ಇವರ ಕಡೆ ತಿರುಗಿ ಕೇಳಿದರು: “ನೋವು ಮೊದಲು ಬಂದದ್ದು ಎಲ್ಲಿ? ಮೊದಲು ಕಾಗದದ ಮೇಲೆ ಬಂದದ್ದು ಎಲ್ಲಿ?”

ಮದುವೆಯಾಗಿ ಹದಿನೈದು ವರ್ಷ ದಾಟಿತ್ತು. ಆ ಪ್ರಶ್ನೆಯ ಉತ್ತರವನ್ನು ನಾನೂ ಮೊದಲ ಸಲ ಕೇಳಿದ್ದು ಆ ಪಡಸಾಲೆಯಲ್ಲಿ.

2011ರ ಅಕ್ಟೋಬರ್. ಚಳಿಗಾಲಕ್ಕೆ ಜೋಜಿಲಾ ಕಣಿವೆಯ ದಾರಿ ಮುಚ್ಚುವ ಮುಂಚೆ ಲಡಾಖಿನ ತುಕಡಿಗಳಿಗೆ ಆರು ತಿಂಗಳ ಸಾಮಾನು ಮುಟ್ಟಿಸಬೇಕು. ಸಾಲುಸಾಲು ಟ್ರಕ್ಕುಗಳು ಶ್ರೀನಗರದಿಂದ ಮೇಲಕ್ಕೆ ಹೋಗುತ್ತವೆ. ದ್ರಾಸ್ ಹತ್ತಿರ ಇವರ ಸ್ಟಾಲಿಯನ್ ಗಾಡಿಯ ಹಿಂದಿನ ಟೈರು ಸಿಡಿಯಿತು. ಮೊದಲ ಹಿಮ ಬೀಳುತ್ತಿತ್ತು. ಹಿಂದೆ ಮೂವತ್ತು ಗಾಡಿಗಳು ನಿಂತಿದ್ದವು. ಇವರೂ ಜೊತೆಯ ಚಾಲಕನೂ ಸೇರಿ ಬದಲಿ ಟೈರನ್ನು ಎತ್ತುವಾಗ ಅವನ ಬೂಟು ಜಾರಿತು, ಪೂರ್ತಿ ಭಾರ ಇವರ ಮೇಲೆ ಬಂತು. ಸೊಂಟದಲ್ಲಿ ಏನೋ ಕಟಕ್ ಎಂದಿತು. ಟೈರು ಕೂರಿಸಿದರು, ನಟ್ಟು ಬಿಗಿದರು. ಕಾನ್ವಾಯ್ ಕಮಾಂಡರ್ ಬಂದು ಕೇಳಿದರು. ಇವರು, “ಠೀಕ್ ಹೂಂ ಸಾಬ್” ಎಂದರು. ಮುಂದೆ ಹನ್ನೊಂದು ದಿನ ಸೊಂಟಕ್ಕೆ ಟವೆಲು ಬಿಗಿದುಕೊಂಡು ಗಾಡಿ ಓಡಿಸಿದರು. ಮರುವರ್ಷವೂ ಅದೇ ರಸ್ತೆ. ತುಕಡಿಯ ವೈದ್ಯರು ನೋಡುವ ಎಂ.ಐ. ರೂಮಿಗೆ ಹೋಗಲಿಲ್ಲ. ಇಂಜುರಿ ರಿಪೋರ್ಟ್ ಬರೆಸಲಿಲ್ಲ. 2013ರಲ್ಲಿ ಬಯಲು ನಾಡಿನ ಶಾಂತಿ ನೆಲೆಗೆ, ಎಂದರೆ ಗಡಿಯ ಕಷ್ಟವಿಲ್ಲದ ಕಡೆಗೆ, ವರ್ಗವಾಯಿತು. ಅಲ್ಲಿ ಒಂದು ಬೆಳಿಗ್ಗೆ ಎಡಗಾಲು ಎತ್ತಲು ಬರಲಿಲ್ಲ. ಎಂಆರ್‌ಐ ಮಾಡಿದರು, ಸೊಂಟದ ನಾಲ್ಕು ಮತ್ತು ಐದನೆಯ ಮಣಿಯ ನಡುವಿನ ಡಿಸ್ಕು ಹೊರಬಂದಿತ್ತು. ಕಾಗದದಲ್ಲಿ ಬರೆದುಕೊಂಡರು: ಆರಂಭ 2013, ಶಾಂತಿ ನೆಲೆ.

“ಅಲ್ಲಿಗೆ ಕೆಟ್ಟಿತು. ದ್ರಾಸಿನದು ಕಾಗದದ ಮೇಲೆ ಬರಲೇ ಇಲ್ಲ” ಎಂದರು ಸುಬೇದಾರರು.

ನಿವೃತ್ತಿಯ ಮುಂಚೆ ನಡೆಯುವ ರಿಲೀಸ್ ಮೆಡಿಕಲ್ ಬೋರ್ಡಿನ ಕಥೆಯೂ ಅದೇ. ಅಷ್ಟು ಹೊತ್ತಿಗೆ ಇವರು ಐದು ವರ್ಷದಿಂದ ಲೋ ಮೆಡಿಕಲ್ ಕೆಟಗರಿಯಲ್ಲಿ, ಎಂದರೆ ಪೂರ್ತಿ ಆರೋಗ್ಯವಿಲ್ಲದವರ ದರ್ಜೆಯಲ್ಲಿ, ಇದ್ದರು. ಈಗ ಹೇಗಿದೆ ಎಂದು ವೈದ್ಯರು ಕೇಳಿದ್ದಾರೆ. ಊರಿಗೆ ಹೋಗುವ ಖುಷಿ, ಮೇಲಧಿಕಾರಿಯ ಮುಂದೆ ನಿಂತ ಅಭ್ಯಾಸ, ಇವರು ಮತ್ತೆ ‘ಠೀಕ್ ಹೂಂ ಸಾಬ್’ ಎಂದಿದ್ದಾರೆ. ಇಂಗ್ಲಿಷಿನ ನಮೂನೆಗೆ ತೋರಿಸಿದಲ್ಲಿ ಸಹಿ ಹಾಕಿದ್ದಾರೆ. ಅವರು ಕೇಳಿದ್ದನ್ನು ಬರೆದುಕೊಂಡರು, ಇವರು ಹೇಳದೇ ಇದ್ದದ್ದನ್ನು ಯಾರು ಬರೆಯಬೇಕು? ಹದಿನೇಳು ವರ್ಷ ನೋವು ಹೇಳಬಾರದು ಎಂದು ಕಲಿಸಿದ ಮನುಷ್ಯನಿಗೆ ಕೊನೆಯ ದಿನ ಹತ್ತು ನಿಮಿಷದಲ್ಲಿ ನೋವು ಹೇಳು ಎಂದರೆ ಹೇಗೆ ಹೇಳುತ್ತಾನೆ? ಈ ಪ್ರಶ್ನೆಯನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ಕೇಳಿಕೊಂಡೆನೋ ಲೆಕ್ಕವಿಲ್ಲ.

ಸುಬೇದಾರರು ನಿಯಮವನ್ನು ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಅವಧಿ ಮುಗಿಸಿ ಬಂದ ಸಿಪಾಯಿಗೆ ಸೇವಾ ಪಿಂಚಣಿ ಹೇಗೂ ಬರುತ್ತದೆ. ಅದರ ಮೇಲೆ ಅಂಗವೈಕಲ್ಯದ ಅಂಶ ಸಿಗಬೇಕಾದರೆ ಎರಡು ಗೋಡೆ ದಾಟಬೇಕು. ವೈಕಲ್ಯ ಕನಿಷ್ಠ ಶೇಕಡಾ 20 ಇರಬೇಕು, ಅದು ಸೇವೆಯಿಂದ ಬಂದಿರಬೇಕು ಅಥವಾ ಸೇವೆಯಿಂದ ಹೆಚ್ಚಾಗಿರಬೇಕು. ನಾವು ಎರಡರಲ್ಲೂ ಹೊರಗಿದ್ದೆವು. ಆದರೆ ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಒಂದು ಮಾತು ಹೇಳಿದೆ. ಸೇರುವಾಗ ನಡೆದ ತಪಾಸಣೆಯಲ್ಲಿ ಇಲ್ಲದ ಕಾಯಿಲೆ ಆಮೇಲೆ ಕಾಣಿಸಿಕೊಂಡು ಸೈನಿಕ ಹೊರಬಿದ್ದರೆ, ಅದು ಸೇವೆಯಿಂದಲೇ ಬಂದದ್ದು ಎಂದು ಮೊದಲು ಭಾವಿಸಬೇಕು. ಅಲ್ಲ ಎನ್ನುವವರು ಕಾರಣ ತೋರಿಸಬೇಕು. “ಇವನು 2001ರಲ್ಲಿ ಶೇಪ್-1 ಆಗಿ, ಎಂದರೆ ಪೂರ್ತಿ ಆರೋಗ್ಯವಂತನೆಂದು, ಸೇರಿದವನು. ಒಂದು ಮೈಲಿ ಓಡಿ, ಬೀಮ್ ಎಳೆದು ಸೇರಿದವನ ಬೆನ್ನು ಮೊದಲೇ ಕೆಟ್ಟಿತ್ತೇನು?” ಎಂದು ಮೇಜು ಕುಟ್ಟಿದರು. ಇನ್ನೊಂದು ತೀರ್ಪು 2014ರ ಡಿಸೆಂಬರಿನದು, ರಾಮ್ ಅವತಾರ್ ಪ್ರಕರಣ. ವೈಕಲ್ಯ ಐವತ್ತಕ್ಕಿಂತ ಕಡಿಮೆ ಇದ್ದರೂ ಅರ್ಹರಾದವರಿಗೆ ಅದನ್ನು 50 ಎಂದೇ ಲೆಕ್ಕ ಹಿಡಿಯುವ ಸೌಲಭ್ಯ ಅವಧಿ ಮುಗಿಸಿ ಬಂದವರಿಗೂ ಸಲ್ಲುತ್ತದೆ ಎಂದು ಅದು ಹೇಳಿತು. ಅಂದರೆ ಆ ಇಪ್ಪತ್ತರ ಗೆರೆಯನ್ನು ದಾಟಿದರೆ ಐವತ್ತಕ್ಕೆ ಹೋಗಿ ನಿಲ್ಲುತ್ತೇವೆ. ದಾಟದಿದ್ದರೆ ಸೊನ್ನೆ.

ಕಾಗದ ಕೂಡಿಸುವ ಕೆಲಸ ನನ್ನದಾಯಿತು. ಮಾಹಿತಿ ಹಕ್ಕಿನ ಅರ್ಜಿಗೆ ಗದಗ ಅಂಚೆ ಕಚೇರಿಯಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೊಂಡೆ. ಮೆಡಿಕಲ್ ಬೋರ್ಡಿನ ಎಲ್ಲಾ ಪುಟಗಳ ಪ್ರತಿ ಬೇಕು ಎಂದು ಬರೆದೆ. ಒಂದೂವರೆ ತಿಂಗಳಿಗೆ ದಪ್ಪ ಲಕೋಟೆ ಬಂತು. ಅದರಲ್ಲಿ ನಮ್ಮ ಮನೆಯವರ ಸಹಿಯ ಮೇಲೆ, ಈಗ ತೊಂದರೆ ಇಲ್ಲ ಎಂಬರ್ಥದ ಸಾಲನ್ನು ಕಂಡಾಗ ಹೊಟ್ಟೆಯಲ್ಲಿ ಕಲಸಿದಂತಾಯಿತು. ಜೊತೆಯ ಚಾಲಕನನ್ನು ಹುಡುಕಿದ್ದು ಅವರ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಸಾತಾರಾ ಕಡೆಯ ಮನುಷ್ಯ, ಆಗಲೇ ನಿವೃತ್ತನಾಗಿದ್ದ. ಫೋನಿನಲ್ಲಿ ಟೈರಿನ ಮಾತು ತೆಗೆಯುತ್ತಿದ್ದಂತೆ, “ವಹಿನೀ, ಅದು ನನ್ನ ಕಾಲು ಜಾರಿ ಆದದ್ದು” ಎಂದು ಅತ್ತುಬಿಟ್ಟ. ಎಂಟು ವರ್ಷ ಅವನೂ ಅದನ್ನು ಹೊತ್ತುಕೊಂಡು ತಿರುಗಿದ್ದ. ಎಂಟನೆಯ ದಿನ ನೋಟರಿ ಮಾಡಿಸಿದ ಪ್ರಮಾಣಪತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು.

ಧಾರವಾಡದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಎಷ್ಟು ಸಲ ಹೋದೆವೋ. ಗದಗದಿಂದ ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ ಇವರು ಕುಳಿತುಕೊಳ್ಳುತ್ತಿರಲಿಲ್ಲ. ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಲ್ಲುತ್ತಿದ್ದರು, ಕುಳಿತರೆ ಪ್ರತಿ ಗುಂಡಿಯೂ ಬೆನ್ನಿಗೆ ಬಡಿಯುತ್ತಿತ್ತು. ಹುಬ್ಬಳ್ಳಿಯಿಂದ ಮುಂದೆ ಚಿಗರಿ ಬಸ್ಸು. ಅದರ ನಿಲ್ದಾಣದ ಕಟ್ಟೆಯೂ ಬಸ್ಸಿನ ಒಳಗಿನ ನೆಲವೂ ಒಂದೇ ಮಟ್ಟ, ಮೆಟ್ಟಿಲು ಹತ್ತುವ ಗೋಜಿಲ್ಲ. ಅಲ್ಲಿ ಕಾಲಿಟ್ಟಾಗ ಅವರ ಮುಖದ ಬಿಗಿ ಸಡಿಲವಾಗುವುದನ್ನು ಪ್ರತಿ ಸಲ ನೋಡುತ್ತಿದ್ದೆ. ಧಾರವಾಡದ ಕಚೇರಿಯವರು ನಮ್ಮ ಮೇಲ್ಮನವಿಯನ್ನು ಓದಿ, ತಡವಾದದ್ದಕ್ಕೆ ಕಾರಣ ಹೇಳುವ ಪತ್ರವನ್ನು ಬೇರೆಯಾಗಿ ಬರೆಸಿ, ತಮ್ಮ ಶಿಫಾರಸಿನೊಂದಿಗೆ ಕಳಿಸಿದರು. ಒಬ್ಬ ಗುಮಾಸ್ತರು ಒಂದು ಬುದ್ಧಿ ಹೇಳಿದರು: ಕಳಿಸಿದ ಪ್ರತಿಯೊಂದು ಕಾಗದದ ಪ್ರತಿಯ ಹಿಂದೆ ಅಂಚೆಯ ರಸೀದಿಯನ್ನು ಅಂಟಿಸಿ ಇಡಿ. ಆ ರಸೀದಿಗಳೇ ಮುಂದೆ ನಮ್ಮ ದಿನಾಂಕಗಳನ್ನು ಸಾಬೀತು ಮಾಡಿದವು.

ನಡುವೆ ಯಾರೋ ಹೇಳಿದರೆಂದು ಅಂಗವಿಕಲರ ಯುಡಿಐಡಿ ಕಾರ್ಡಿಗೂ ಓಡಾಡಿದೆವು. ಅದು 2016ರ ಕಾಯ್ದೆಯ ಪ್ರಕಾರ ಸಿವಿಲ್ ವೈದ್ಯರು ಕೊಡುವುದು, ಹೆಚ್ಚಿನ ಸೌಲಭ್ಯಕ್ಕೆ ಶೇಕಡಾ 40 ಬೇಕು. ಸೈನ್ಯದ ಪಿಂಚಣಿಗೆ ಅದು ನಡೆಯುವುದಿಲ್ಲ, ಅಲ್ಲಿ ಸೈನಿಕ ವೈದ್ಯಕೀಯ ಮಂಡಳಿ ಬರೆದದ್ದೇ ಲೆಕ್ಕ. ಎರಡನ್ನೂ ಒಂದೇ ಎಂದುಕೊಂಡು ನಾವು ನಾಲ್ಕು ತಿಂಗಳು ಕಳೆದುಕೊಂಡೆವು.

ಮೊದಲ ಮೇಲ್ಮನವಿ 2020ರ ಫೆಬ್ರುವರಿಯಲ್ಲಿ ಹೋಯಿತು. ಮಾರ್ಚಿನಲ್ಲಿ ಲಾಕ್‌ಡೌನ್. 2021ರಲ್ಲಿ ತಿರಸ್ಕಾರ ಬಂತು. ಎರಡನೆಯದು 2022ರ ಆರಂಭದಲ್ಲಿ ತಿರಸ್ಕಾರವಾಯಿತು. ಎರಡು ಪತ್ರದಲ್ಲೂ ಅದೇ ಹಳೆಯ ವಾಕ್ಯ, ಸಾತಾರಾದ ಪ್ರಮಾಣಪತ್ರದ ಬಗ್ಗೆ ಒಂದಕ್ಷರ ಇಲ್ಲ. ಆ ವರ್ಷಗಳಲ್ಲಿ ನಾನು ಹೊಲಿಗೆ ಯಂತ್ರದ ಮೇಲೆ ಸಂಸಾರ ನಡೆಸಿದೆ. ಕುಪ್ಪಸ, ಶಾಲೆಯ ಸಮವಸ್ತ್ರ, ಕೊರೋನಾ ಕಾಲದಲ್ಲಿ ಮಾಸ್ಕು. ಇವರು ಗುಂಡಿ ಹಚ್ಚುವುದನ್ನು ಕಲಿತರು. ನಿಂತುಕೊಂಡೇ, ಕಿಟಕಿಯ ಕಟ್ಟೆಯ ಮೇಲೆ ಬಟ್ಟೆ ಹರಡಿಕೊಂಡು ಹಚ್ಚುತ್ತಿದ್ದರು.

ಮುಂದಿನ ಮೆಟ್ಟಿಲು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಹುಟ್ಟಿದ್ದು, ಸೈನಿಕರ ಸೇವೆ, ಪಿಂಚಣಿಯ ವ್ಯಾಜ್ಯಗಳನ್ನು ಅಲ್ಲಿ ನೋಡುತ್ತಾರೆ. ವಕೀಲರ ಫೀಸಿಗೆ ನನ್ನ ಎರಡು ತೊಲೆಯ ಸರವನ್ನು ಒತ್ತೆ ಇಟ್ಟೆ. ಇದನ್ನು ಅವರಿಗೆ ಹೇಳಲಿಲ್ಲ, ಆದರೆ ಬರಿ ಕೊರಳು ಕಾಣದೆ ಇರುತ್ತದೆಯೇ? ಕಂಡು ಕೇಳಲಿಲ್ಲ. ಮಾರನೆಯ ದಿನ ಮಗಳನ್ನು ಕೂರಿಸಿಕೊಂಡು 2011ರಿಂದ ನಡೆದದ್ದನ್ನೆಲ್ಲ ತಾರೀಖಿನ ಸಮೇತ ಹೇಳಿ ಬರೆಸಿದರು. ಮೊದಲ ಸಲ ತಾವಾಗಿಯೇ ಬಾಯಿ ಬಿಟ್ಟದ್ದು ಅವತ್ತು.

2023ರಲ್ಲಿ ನ್ಯಾಯಮಂಡಳಿ, ಇವರನ್ನು ಹೊಸದಾಗಿ ವೈದ್ಯಕೀಯ ಮಂಡಳಿಯ ಮುಂದೆ ತಪಾಸಣೆ ಮಾಡಬೇಕು, ಕಠಿಣ ಪ್ರದೇಶದ ಸೇವೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂದು ಆದೇಶಿಸಿತು. ಬೆಂಗಳೂರಿನ ಸೈನಿಕ ಆಸ್ಪತ್ರೆಗೆ ಬರಲು ಪತ್ರ ಬಂತು.

ಪತ್ರ ಬಂದ ದಿನದಿಂದ ನನಗೆ ಒಂದೇ ಭಯ. ಅಲ್ಲಿ ಹೋಗಿ ಇವರು ಮತ್ತೆ ‘ಠೀಕ್ ಹೂಂ ಸಾಬ್’ ಎಂದುಬಿಟ್ಟರೆ? ಸುಬೇದಾರರು ಹೇಳಿದರು, “ಇಲ್ಲದ್ದನ್ನು ಹೇಳಬೇಡ. ಸುಳ್ಳು ಹೇಳಿದರೆ ಅವರಿಗೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಆದರೆ ಇದ್ದದ್ದನ್ನು ನುಂಗಬೇಡ. ‘ನೋವಿದೆ’ ಎಂದರೆ ಅವರು ಏನೆಂದು ಬರೆಯಬೇಕು? ಏನು ಮಾಡಲು ಬರುವುದಿಲ್ಲವೋ ಅದನ್ನು ಹೇಳು.” ನಾನು ಮಗನ ಪಟ್ಟಿಯಿಂದ ಒಂದು ಹಾಳೆ ಹರಿದು ಬರೆಯಲು ಕುಳಿತೆ. ಬೆಳಿಗ್ಗೆ ಐದಕ್ಕೆ ಎಚ್ಚರ, ಏಳಲು ಇಪ್ಪತ್ತು ನಿಮಿಷ, ಮೊದಲು ಮಗ್ಗುಲಾಗಿ ಆಮೇಲೆ ಗೋಡೆ ಹಿಡಿದು. ಕುಳಿತರೆ ಕಾಲು ತಾಸು. ನಿಂತರೆ ಅರ್ಧ ತಾಸು, ಆ ಮೇಲೆ ಎಡಗಾಲಿನ ಹೆಬ್ಬೆರಳು ಜೋಮು. ನೀರಿನ ಕೊಡ ಎತ್ತುವುದಿಲ್ಲ. ಸೀನು ಬಂದರೆ ಮೊದಲು ಏನನ್ನಾದರೂ ಹಿಡಿದುಕೊಳ್ಳುತ್ತಾರೆ. ಬರೆದದ್ದನ್ನು ಓದಿ ಹೇಳಿದೆ. ಕೊನೆಗೆ, “ಉಗುರಿನದೂ ಬರೆಯಲೇ?” ಎಂದು ಕೇಳಿದೆ. ಬಹಳ ಹೊತ್ತು ಕ್ಯಾಲೆಂಡರು ನೋಡಿದರು. “ಬರಿ” ಎಂದರು.

ಸಂಜೆಯ ಹಂಪಿ ಎಕ್ಸ್‌ಪ್ರೆಸ್ಸಿಗೆ ಗದಗದಲ್ಲಿ ಹತ್ತಿದೆವು. ಕೆಳಗಿನ ಬರ್ತಿನಲ್ಲಿ ಅವರು ಮಲಗಿದರು, ನಾನು ಹೊಸಪೇಟೆ, ಬಳ್ಳಾರಿ ಎಂದು ಎಣಿಸುತ್ತಾ ಕುಳಿತೆ. ಬೆಳಿಗ್ಗೆ ಆಸ್ಪತ್ರೆಯ ಶೌಚಾಲಯದಲ್ಲಿ ಇಸ್ತ್ರಿ ಮಾಡಿದ ಅಂಗಿ ಬದಲಿಸಿಕೊಂಡರು. ಬೂಟಿನ ಲೇಸನ್ನು ಎಂದಿನಂತೆ ನಾನು ಕಟ್ಟಲು ಬಗ್ಗಿದೆ. ಬೆಂಚಿನ ಮೇಲೆ ಕಾಯುತ್ತಿದ್ದ ನಾಲ್ಕೈದು ಮಂದಿ ಮಾಜಿ ಸೈನಿಕರು ನೋಡುತ್ತಿದ್ದರು. ಒಬ್ಬ ಮುದುಕ ಸರದಾರರ ಪಕ್ಕದಲ್ಲಿ ಅವರ ಹೆಂಡತಿ ಕುಳಿತಿದ್ದರು. ಆಕೆ ನನ್ನನ್ನು ನೋಡಿ ತಲೆಯಾಡಿಸಿದರು. ಭಾಷೆ ಬೇಕಾಗಲಿಲ್ಲ.

ಒಳಗೆ ನನ್ನನ್ನು ಬಿಡಲಿಲ್ಲ. ಮೂರು ಕಡೆ ತಪಾಸಣೆ, ಹೊಸ ಎಂಆರ್‌ಐ, ಎರಡು ದಿನ ಹಿಡಿಯಿತು. ಎರಡನೆಯ ದಿನ ಮಧ್ಯಾಹ್ನ ಹೊರಗೆ ಬಂದವರ ಮುಖ ಬೆವರಿತ್ತು. ಹೊರಗಿನ ಬೇವಿನ ಮರದ ಕೆಳಗೆ ನಿಂತು ಹೇಳಿದರು. ಬೋರ್ಡಿನಲ್ಲಿ ಒಬ್ಬ ಮಹಿಳಾ ಅಧಿಕಾರಿ ಇದ್ದರಂತೆ. ಹೇಗಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರಂತೆ. ಇವರು ಸಾವಧಾನದಲ್ಲಿ ನಿಂತು “ಠೀಕ್” ಎನ್ನುವಷ್ಟರಲ್ಲಿ ಜೇಬಿನ ಹಾಳೆ ನೆನಪಾಗಿ ನಿಂತರಂತೆ. ತೆಗೆದು, ಕನ್ನಡದಲ್ಲಿದ್ದದ್ದನ್ನು ತಾವೇ ಹಿಂದಿಯಲ್ಲಿ ಒಂದೊಂದಾಗಿ ಹೇಳಿದರಂತೆ. ಕೊನೆಯ ಸಾಲಿಗೆ ಬಂದಾಗ ಧ್ವನಿ ಬರಲಿಲ್ಲವಂತೆ. ಆ ಅಧಿಕಾರಿ ಪೆನ್ನು ಕೆಳಗಿಟ್ಟು, “ಕುಳಿತುಕೊಳ್ಳಿ, ನಿಧಾನವಾಗಿ ಹೇಳಿ” ಎಂದರಂತೆ. “ಹೇಳಿದೆ” ಎಂದರು ಇವರು. “ನನ್ನ ಕಾಲಿನ ಉಗುರನ್ನು ನನ್ನ ಹೆಂಡತಿ ತೆಗೆಯುತ್ತಾಳೆ ಎಂದು ಹೇಳಿದೆ.” ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ವರದಿಯಲ್ಲಿ ಶೇಕಡಾ 30, ಜೀವನಪರ್ಯಂತ, ಸೇವೆಯ ಪರಿಸ್ಥಿತಿಯಿಂದ ಹೆಚ್ಚಾದದ್ದು ಎಂದು ಬಂತು. 2024ರ ಆರಂಭದಲ್ಲಿ ಅಂತಿಮ ಆದೇಶವಾಯಿತು. ಮೂವತ್ತನ್ನು ಐವತ್ತೆಂದು ಲೆಕ್ಕ ಹಿಡಿದು ಕೊಡಬೇಕು, ಬಾಕಿ ಮಾತ್ರ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷಕ್ಕೆ ಸೀಮಿತ. ಇದು ಸುಪ್ರೀಂ ಕೋರ್ಟಿನ 2008ರ ತರ್ಸೇಮ್ ಸಿಂಗ್ ತೀರ್ಪಿನಿಂದ ಬಂದ ಮಿತಿ. ಟ್ರಂಕಿನ ತಳದಲ್ಲಿ ಆ ಪತ್ರ ಮಲಗಿದ್ದ ತಿಂಗಳುಗಳ ಹಣ ಹಾಗೆ ಹೋಯಿತು, ಅದು ಇನ್ನು ಬರುವುದಿಲ್ಲ. ತಿದ್ದುಪಡಿಯಾದ ಪಿಂಚಣಿ ಆದೇಶ ಸ್ಪರ್ಶ್ ಎಂಬ ಸೈನ್ಯದ ಪಿಂಚಣಿಯ ಆನ್‌ಲೈನ್ ಖಾತೆಯಲ್ಲಿ ಕಾಣಿಸಿಕೊಳ್ಳಲು ಮತ್ತೆ ಏಳು ತಿಂಗಳು ಬೇಕಾಯಿತು. ಮಗಳು ಮೊಬೈಲಿನಲ್ಲಿ ತೆರೆದು ತೋರಿಸಿದಳು.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನೂರಕ್ಕೆ ನೂರು ವೈಕಲ್ಯಕ್ಕೆ ಕೊನೆಯ ಸಂಬಳದ ಶೇಕಡಾ 30 ಎಂದು ನಿಯಮ. ಇವರದು ಮೂಲ ವೇತನ, ಮಿಲಿಟರಿ ಸರ್ವಿಸ್ ಪೇ ಸೇರಿ ಸುಮಾರು ನಲವತ್ತು ಸಾವಿರ. ಅದರ ಶೇಕಡಾ 30 ಎಂದರೆ ಹನ್ನೆರಡು ಸಾವಿರ. ಐವತ್ತರ ಲೆಕ್ಕಕ್ಕೆ ಅದರ ಅರ್ಧ, ಆರು ಸಾವಿರ. 2024ರ ಜನವರಿಯಿಂದ ತುಟ್ಟಿಭತ್ಯೆ ಶೇಕಡಾ 50 ಆಗಿತ್ತು, ಅಲ್ಲಿಗೆ ಒಂಬತ್ತು ಸಾವಿರ. ದೊಡ್ಡ ಮೊತ್ತವೇನಲ್ಲ ಎನ್ನುವವರು ಇದ್ದಾರೆ. ಮಗಳ ಹಾಸ್ಟೆಲಿನ ಶುಲ್ಕ ಅದರಲ್ಲಿ ಹೋಗುತ್ತದೆ. ಸರ ಬಿಡಿಸಿಕೊಂಡೆ.

ನಮ್ಮಂಥ ಮನೆಯ ಹೆಣ್ಣುಮಕ್ಕಳು ಈಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಮೊದಲು ಗಂಡನ ನಿವೃತ್ತಿ ಯಾವಾಗ ಆಯಿತು ಎಂದು ಕೇಳುತ್ತೇನೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ, ಆ ಬಳಿಕ ಹೊರಬಂದವರಿಗೆ ಅದು ಅನ್ವಯಿಸುತ್ತದೆ, ಹಣದ ಹೆಸರೂ ಇಂಪೇರ್‌ಮೆಂಟ್ ರಿಲೀಫ್ ಎಂದು ಬದಲಾಗಿದೆ. ಆಮೇಲೆ ಬೋರ್ಡಿನ ಪೂರ್ತಿ ಪ್ರತಿ ಇದೆಯೇ ಎಂದು ಕೇಳುತ್ತೇನೆ. ಹತ್ತರಲ್ಲಿ ಒಂಬತ್ತು ಮನೆಯಲ್ಲಿ ಇರುವುದಿಲ್ಲ. ನೋವು ಹೇಳಿಕೊಳ್ಳದವರನ್ನು ಹೇಳುವಂತೆ ಮಾಡುವುದು ಹೇಗೆ ಎಂದು ಕೇಳುತ್ತಾರೆ. ಆ ಹಾಳೆಯ ಜೆರಾಕ್ಸ್ ತೋರಿಸುತ್ತೇನೆ.

ನನ್ನ ದೊಡ್ಡ ನಾದಿನಿಯ ಮಗ 2023ರಲ್ಲಿ ಅಗ್ನಿವೀರನಾಗಿ ಸೇರಿದ್ದಾನೆ. ಆ ಹುಡುಗರಿಗೆ ಪಿಂಚಣಿ ಇಲ್ಲ. ವೈಕಲ್ಯ ಬಂದರೆ ಪ್ರಮಾಣ ನೋಡಿ 15, 25 ಅಥವಾ 44 ಲಕ್ಷದ ಪರಿಹಾರ ಒಂದೇ ಸಲ, ಅದಕ್ಕೂ ಸೇವೆಯಿಂದಲೇ ಆದದ್ದು ಎಂದು ಕಾಗದ ಹೇಳಬೇಕು. ಹೋದ ತಿಂಗಳು ಫೋನು ಮಾಡಿದ್ದ. ಅದೂ ಇದೂ ಮಾತಾಡಿ, ಅಡ್ಡಿ ಓಟದಲ್ಲಿ ಗೋಡೆಯಿಂದ ಜಿಗಿಯುವಾಗ ಮೊಣಕಾಲು ತಿರುವಿತು, ಊದಿಕೊಂಡಿದೆ ಎಂದ. ಇವರು ಕಿಟಕಿಯ ಬಳಿ ಬಟ್ಟೆ ಹಿಡಿದು ನಿಂತಿದ್ದವರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಎಂ.ಐ. ರೂಮಿಗೆ ಹೋದೆಯಾ?”

“ಇಲ್ಲ ಮಾಮಾ, ಅಷ್ಟೇನಿಲ್ಲ. ಆರಾಮ ಇದ್ದೇನೆ.”

“ಈಗಲೇ ಹೋಗು. ಎಲ್ಲಿ, ಯಾವಾಗ, ಯಾರ ಮುಂದೆ ಆಯಿತು ಎಂದು ಎಲ್ಲವನ್ನೂ ಬರೆಸು. ಬರೆದ ಮೇಲೆ ಏನು ಬರೆದಿದ್ದಾರೆ ಎಂದು ಓದು. ಓದಿ ಆದ ಮೇಲೆ ನನಗೆ ಫೋನು ಮಾಡು. ನಾನು ಕಾಯುತ್ತಿರುತ್ತೇನೆ.”

ಊಟ ಬಡಿಸಿದೆ, ಬೇಡ ಎಂದರು. ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ನಿಂತೇ ಇದ್ದರು, ಆಮೇಲೆ ಚಾಪೆ ಹಾಸಿಸಿಕೊಂಡು ಮಲಗಿದರು, ಫೋನು ಎದೆಯ ಮೇಲಿತ್ತು. ಒಂಬತ್ತೂಕಾಲಿಗೆ ಬಂತು. ಬರೆಸಿದ್ದ, ಓದಿದ್ದ. ಇವರು ಮಗ್ಗುಲಾಗಿ, ಗೋಡೆ ಹಿಡಿದು, ಎದ್ದು ಊಟಕ್ಕೆ ಬಂದರು.